ಮೋಡಕ್ಕೆ ಕಟ್ಟಿದ ಗಂಟು

"ಎಲ್ಲಾ ಕ್ಲೌಡ್‌ನಲ್ಲಿದೆ, ಚಿಂತೆ ಬಿಡಿ ಮಾಸ್ತರ" ಅಂದರು. ಬಿಟ್ಟೆವು... ಮೊಬೈಲ್ ತುಂಬಿತೆಂದು ಶಾಲೆಯ ರಾಜ್ಯೋತ್ಸವದ ಫೋಟೋ ಅಳಿಸಿದೆವು. ಮೋಡದಲ್ಲಿದ್ದದ್ದೂ ಅಳಿಸಿಹೋಯಿತು! ದೂರು ಬರೆದರೆ ಯಂತ್ರದ ಉತ್ತರ.

ತಪ್ಪು ನಮ್ಮದೇ ಅನ್ನುತ್ತೀರಾ? ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುವುದು ಸಿಂಕ್, ಬ್ಯಾಕಪ್ ಅಲ್ಲ. ಅದು ಕನ್ನಡಿ, ತಿಜೋರಿಯಲ್ಲ. ಕನ್ನಡಿಯನ್ನು ತಿಜೋರಿ ಎಂದು ಮಾರಿದವರದು ತಪ್ಪಲ್ಲವೇ?

ದೊಡ್ಡವರ ಹಣೆಬರಹವೂ ಅಷ್ಟೇ. ಜನ ಹನ್ನೆರಡು ವರ್ಷ ಏರಿಸಿದ್ದ ಹಾಡುಗಳು ಹೋದವೆಂದು ಮೈಸ್ಪೇಸ್ 2019ರಲ್ಲಿ ಒಪ್ಪಿಕೊಂಡಿತು. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ನಿಂತಿತು. ಈಗ ಮೇಲ್, ಡ್ರೈವ್, ಫೋಟೋ ಎಲ್ಲ ಸೇರಿ ಉಚಿತ ಜಾಗ 15 ಜಿಬಿ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಯನ್ನೇ ಅಳಿಸುವ ನಿಯಮ 2023ರ ಡಿಸೆಂಬರಿನಿಂದ ಜಾರಿಗೆ ಬಂತು. ಎಷ್ಟೋ ಕನ್ನಡ ಶಾಲೆಗಳ ನೆನಪು ಇರುವುದು ಯಾರೋ ಮಾಸ್ತರರ ಖಾತೆಯಲ್ಲೇ. ಅವರು ನಿವೃತ್ತರಾದರೆ?

ದುಡಿಯಲು ಗೋವಾಕ್ಕೆ ಬಂದವರ ಮಕ್ಕಳು ಇಂದು ವಾಸ್ಕೋ, ನಾಳೆ ವಿಜಯಪುರ. ಇಲ್ಲಿ ಕನ್ನಡ ಕಲಿತರೆಂಬುದಕ್ಕೆ ಅವರ ಕೈಲಿ ಉಳಿಯುವುದು ಒಂದು ಫೋಟೋ. ಅದನ್ನು ಮೋಡಕ್ಕೆ ಕಟ್ಟಬೇಡಿ. ಒಂದು ಹಾರ್ಡ್ ಡಿಸ್ಕ್ ಶಾಲೆಯಲ್ಲಿ, ಇನ್ನೊಂದು ಪಾಲಕರ ಮನೆಯಲ್ಲಿ, ಮುಖ್ಯವಾದದ್ದು ಕಾಗದದಲ್ಲಿ ಇರಲಿ. ಹಳೇ ಹಾಜರಿ ಪುಸ್ತಕ ಇಂದಿಗೂ ಪಾಸ್‌ವರ್ಡ್ ಕೇಳುವುದಿಲ್ಲ!