ಪರೀಕ್ಷೆಗೆ ವೈಗೋಟ್‌ಸ್ಕಿ, ಕ್ಲಾಸಿಗೆ ಕೈಸನ್ನೆ!



ನಮ್ಮಲ್ಲಿ ಎಷ್ಟೋ ಮಂದಿ ಈಗ ಟೀಚರ್ ಅರ್ಹತಾ ಪರೀಕ್ಷೆಗೆ ಓದ್ತಾ ಇದ್ದಾರೆ. ಅದರಲ್ಲಿ ಮಗು ಹೇಗೆ ಕಲಿಯುತ್ತದೆ ಎಂಬ ವಿಷಯಕ್ಕೇ 30 ಅಂಕ. ಪಿಯಾಜೆ, ವೈಗೋಟ್‌ಸ್ಕಿ, ಬ್ರೂನರ್ ಎಲ್ಲ ಬಾಯಿಪಾಠ. ಆ 30 ಅಂಕದ ಸಾರ ಎಂತ?

ಜ್ಞಾನವನ್ನು ಕೊಡದಿಂದ ಲೋಟಕ್ಕೆ ನೀರು ಹೊಯ್ದ ಹಾಗೆ ಮಗುವಿನ ತಲೆಗೆ ಹೊಯ್ಯಲಿಕ್ಕೆ ಆಗುವುದಿಲ್ಲ, ಮಗುವೇ ಅದನ್ನು ಕಟ್ಟಿಕೊಳ್ಳಬೇಕು ಅಂದದ್ದು ಪಿಯಾಜೆ. ಮಗು ಒಂಟಿಯಾಗಿ ಮಾಡಲಾಗದ್ದನ್ನು ಬಲ್ಲವರ ನೆರವಿನಿಂದ ಮಾಡುತ್ತದೆ, ಕಲಿಕೆ ನಡೆಯುವುದು ಆ ನಡುವಿನ ಜಾಗದಲ್ಲಿ ಅಂದದ್ದು ವೈಗೋಟ್‌ಸ್ಕಿ. ಆ ನೆರವು ಸಿಗುವುದು ಮುಖ್ಯವಾಗಿ ಮಾತಿನಿಂದ. ಟೀಚರ್ ಕೇಳಬೇಕು, ಮಗು ತಪ್ಪು ಹೇಳಬೇಕು, ತಪ್ಪಿದ್ದೆಲ್ಲಿ ಎಂದು ಟೀಚರಿಗೆ ತಿಳಿಯಬೇಕು.

ಈಗ ನಮ್ಮ ಕಾಸರಗೋಡಿಗೆ ಬನ್ನಿ. ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡ ಬಾರದವರನ್ನು ಹಾಕುವುದು ಇಲ್ಲಿ ಮತ್ತೆ ಮತ್ತೆ ನಡೆದಿದೆ. ಮಕ್ಕಳು, ಹೆತ್ತವರು ಬೀದಿಗೆ ಇಳಿದದ್ದೂ ಉಂಟು. ಮಗು ಹೇಳಿದ ತಪ್ಪು ಉತ್ತರವೇ ಅರ್ಥವಾಗದವರು ಅದನ್ನು ತಿದ್ದುವುದು ಹೇಗೆ? ಆ ಟೀಚರ ಮೇಲೆ ನಮಗೆ ಸಿಟ್ಟಿಲ್ಲ, ಅವರೂ ಸಿಕ್ಕಿಬಿದ್ದವರೇ. ಸಿಟ್ಟು ಇರುವುದು ಆ ನೇಮಕಾತಿಯ ಮೇಲೆ.

‘ಮಕ್ಕಳು ಸಣ್ಣವರು, ಬೇಗ ಮಲಯಾಳ ಕಲೀತಾರೆ ಬಿಡಿ’ ಅಂತಾರೆ. ಕಲೀಲಿ, ನಮಗೂ ಬರ್ತದೆ, ಕೌಂಟರಿನಲ್ಲಿ ದಿನವಿಡೀ ಮಾತಾಡ್ತೇವೆ. ಆದರೆ ಅಂಗಡಿಯಲ್ಲಿ ಸಾಮಾನು ಕೇಳುವ ಭಾಷೆ ಬೇರೆ, ಭಿನ್ನರಾಶಿ ಅರ್ಥ ಮಾಡಿಕೊಳ್ಳುವ ಭಾಷೆ ಬೇರೆ. ಹೊಸ ಭಾಷೆಯಲ್ಲಿ ಮಾತುಕತೆಗೆ ಸುಮಾರು 2 ವರ್ಷ ಸಾಕು, ಪಾಠದ ಭಾಷೆ ಕೈಗೆ ಬರಲಿಕ್ಕೆ 5ರಿಂದ 7 ವರ್ಷ ಬೇಕು ಎಂದು ಜಿಮ್ ಕಮಿನ್ಸ್ ತೋರಿಸಿಕೊಟ್ಟಿದ್ದಾರೆ. ಅಷ್ಟರಲ್ಲಿ ಪ್ರೈಮರಿಯೇ ಮುಗಿದಿರ್ತದೆ! ಮನೆಯಲ್ಲಿ ತುಳು ಮಾತಾಡುವ ಮಗುವಿಗಂತೂ ಕನ್ನಡದ ಮೇಲೆ ಇದು ಇನ್ನೊಂದು ಹೊರೆ.

ನಾವು ಬಿ.ಕಾಂ. ಓದುವಾಗ ಡೆಬಿಟ್-ಕ್ರೆಡಿಟ್ ನಿಯಮವನ್ನು ಇಂಗ್ಲಿಷಿನಲ್ಲಿ ಉರು ಹೊಡೆದೆವು, ತಲೆಗೆ ಹತ್ತಲಿಲ್ಲ. ‘ತಗೊಂಡವನ ಹೆಸರಿಗೆ ಡೆಬಿಟ್, ಕೊಟ್ಟವನ ಹೆಸರಿಗೆ ಕ್ರೆಡಿಟ್, ಅಷ್ಟೇ ಮಾರಾಯ’ ಅಂತ ಗೆಳೆಯನೊಬ್ಬ ಹೇಳಿದ ಮೇಲೆ ಹತ್ತಿತು. ಇಪ್ಪತ್ತು ವರ್ಷದವರ ಪಾಡೇ ಹೀಗಾದರೆ ಆರು ವರ್ಷದ ಮಗುವಿನ ಗತಿ ಎಂತ?

ಇದು ಯಾರೂ ಕೊಡುವ ಭಿಕ್ಷೆ ಅಲ್ಲ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಕೊಡಬೇಕು ಎನ್ನುವ ಸಂವಿಧಾನದ 350ಎ ವಿಧಿ ಬಂದದ್ದು 1956ರಲ್ಲಿ, ಕಾಸರಗೋಡು ಕೇರಳಕ್ಕೆ ಹೋದ ವರ್ಷವೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಚಟುವಟಿಕೆಯಿಂದ ಕಲಿಕೆ ಎನ್ನುತ್ತದೆ. ಅದರ ಮರುಸಾಲಿನಲ್ಲೇ, ಸಾಧ್ಯವಾದಷ್ಟೂ ಮಾತೃಭಾಷೆಯಲ್ಲಿ ಎನ್ನುತ್ತದೆ. ಮೊದಲ ಸಾಲಿಗೆ ಚಾರ್ಟು, ತರಬೇತಿ, ಉತ್ಸವ ಎಲ್ಲ ಉಂಟು. ಎರಡನೇ ಸಾಲು ಬಂದಾಗ ಮಾತ್ರ ಕಣ್ಣು ಮಂಜು! ಮಾತೇ ತಿಳಿಯದ ಕ್ಲಾಸಿನಲ್ಲಿ ಎಂತಹ ಚಟುವಟಿಕೆ? ಬರೀ ಕೈಸನ್ನೆ.

ಹಾಗಾದರೆ ನಾವು ಮಾಡಬೇಕಾದ್ದು? ಸರ್ಕಾರಿ ಶಾಲೆಯ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ಹೆತ್ತವರೇ ಇರಬೇಕು ಎಂಬುದೂ ಆ ಕಾಯ್ದೆಯ ಮಾತು. ಅಕ್ಕ, ಅಣ್ಣ, ಅತ್ತಿಗೆ ಯಾರಾದರೂ ಅದರಲ್ಲಿ ಇದ್ದರೆ ಮುಂದಿನ ಸಭೆಯಲ್ಲಿ ಒಂದೇ ಪ್ರಶ್ನೆ ಕೇಳಿಸಿ: ‘ಈ ಟೀಚರಿಗೆ ನಮ್ಮ ಮಗು ಹೇಳಿದ್ದು ಅರ್ಥ ಆಗ್ತದಾ?’ ಪ್ರಶ್ನೆ, ಉತ್ತರ ಎರಡನ್ನೂ ನಡಾವಳಿ ಪುಸ್ತಕದಲ್ಲಿ ಬರೆಸಿ. ಬಾಯಿಮಾತು ಗಾಳಿಗೆ ಹೋಗ್ತದೆ, ಪುಸ್ತಕಕ್ಕೆ ಹತ್ತಿದ ಎಂಟ್ರಿ ಅಳಿಯುವುದಿಲ್ಲ. ಬ್ಯಾಂಕಿನವರ ಮಾತು, ನಂಬಿ.