ರಾಡಿನ ಕಂಪನಿ ಕೇಳಿದಿರಿ, ಅರಿವಳಿಕೆಯವರ ಹೆಸರು?

ತಳೇಗಾಂವ ದಾಭಾಡೆಗೆ ಹಳೆಯ ಮುಂಬೈ–ಪುಣೆ ಹೆದ್ದಾರಿಯೂ ಹತ್ತಿರ, ಎಕ್ಸ್‌ಪ್ರೆಸ್‌ವೇಯೂ ಹತ್ತಿರ. ಇಂಥ ಊರಿನ ಆಸ್ಪತ್ರೆಗಳಲ್ಲಿ ಮೂಳೆ ಮುರಿದವರಿಗೆ ಬರವಿಲ್ಲ. ಮನೆಯವರು ಸರ್ಜನ್ ಯಾರು, ರಾಡು ಯಾವ ಕಂಪನಿಯದು ಎಂದು ಕೇಳುತ್ತಾರೆ. ಅರಿವಳಿಕೆ ಕೊಡುವವರು ಯಾರೆಂದು ಕೇಳುವುದಿಲ್ಲ. ತಪ್ಪು ಅವರದಲ್ಲ, ಹೇಳದೆ ಬಿಟ್ಟವರದು.

‘ಬೆನ್ನಿಗೊಂದು ಇಂಜೆಕ್ಷನ್, ಅಷ್ಟೇ’ ಎನ್ನುತ್ತಾರೆ. ಅಷ್ಟೇ ಅಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುವವರಿಗೆ ಅದೇ ಇಂಜೆಕ್ಷನ್‌ನಿಂದ ಬೆನ್ನುಹುರಿಯ ಬಳಿ ರಕ್ತಸ್ರಾವವಾಗಿ ಕಾಲಿನ ಸ್ವಾಧೀನವೇ ತಪ್ಪಬಹುದು. ಸೊಂಟದ ಕೀಲಿಗೆ ಸಿಮೆಂಟ್ ತುಂಬುವಾಗ ವಯಸ್ಸಾದವರ ಬಿಪಿ ದಿಢೀರನೆ ಕುಸಿಯಬಹುದು. ಆಗ ಜೀವ ಕಾಯುವುದು ರಾಡಿನ ಕಂಪನಿಯಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲೇ 19 ಅಂಶಗಳ ಪಟ್ಟಿ ಕೊಟ್ಟಿದೆ: ಅರಿವಳಿಕೆಗೆ ಮುನ್ನ, ಕೊಯ್ಯುವ ಮುನ್ನ, ರೋಗಿ ಥಿಯೇಟರಿನಿಂದ ಹೊರಡುವ ಮುನ್ನ ಎಲ್ಲರೂ ನಿಂತು ಬಾಯಿಬಿಟ್ಟು ಕೇಳಿ ಖಚಿತಪಡಿಸಿಕೊಳ್ಳಬೇಕು. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಪ್ರಯೋಗಿಸಿದಾಗ, ಹೃದಯದ್ದಲ್ಲದ ಆಪರೇಷನ್‌ಗಳಲ್ಲಿ ಸಾವು ಶೇ. 1.5ರಿಂದ ಶೇ. 0.8ಕ್ಕೆ ಇಳಿಯಿತು. ಖರ್ಚು ಒಂದು ಹಾಳೆ, ಕೆಲವು ನಿಮಿಷ. ‘ಪುರುಸೊತ್ತಿಲ್ಲ’ ಎನ್ನುವುದು ನೆಪ. ಎಲ್ಲ ಮುಗಿದ ಮೇಲೆ ಟಿಕ್ ಹಾಕಿ ಫೈಲಿಗೆ ಸೇರಿಸಿದರೆ ಅದು ಸುರಕ್ಷತೆಯಲ್ಲ, ಗುಮಾಸ್ತಗಿರಿ.

ಸಹಿ ಹಾಕುವ ಮುನ್ನ ಕೇಳಿ: ಅರಿವಳಿಕೆ ಡಾಕ್ಟರು ಯಾರು? ನಮ್ಮ ರೋಗಿಯನ್ನು ಬಂದು ನೋಡಿದ್ದಾರೆಯೇ?