ದುರಸ್ತಿಯ ಯೋಜನೆ ಯಾರದು, ಖರ್ಚು ಯಾರದು?

ಯೋಜನೆ ಎಂಬ ಮಾತು ನಮ್ಮ ದೇಶದಲ್ಲಿ ಹಳಸಿಹೋಗಿದೆ. ಹನ್ನೆರಡನೆಯ ಪಂಚವಾರ್ಷಿಕ ಯೋಜನೆ 2017ರಲ್ಲಿ ಮುಗಿಯಿತು. ಹದಿಮೂರನೆಯದು ಬರಲೇ ಇಲ್ಲ. ಅದಕ್ಕೂ ಮೊದಲೇ ಯೋಜನಾ ಆಯೋಗದ ಹಲಗೆಯನ್ನು ಕಿತ್ತು ಅಲ್ಲಿ ಬೇರೆ ಹಲಗೆ ತೂಗುಹಾಕಿದ್ದಾಯಿತು. ಇಂಥ ಕಾಲದಲ್ಲಿ ಯಾವ ಸರ್ಕಾರವೂ ಅಲ್ಲದ, ಯಾವ ದೊಡ್ಡ ಕಂಪನಿಯೂ ಅಲ್ಲದ ಕೆಲವು ಕೆಲಸಗಾರರು, ತಾವು ಮುಂದೆ ಏನು ಮಾಡಬೇಕೆಂದಿದ್ದೇವೆ, ಯಾವುದನ್ನು ಕಿತ್ತುಹಾಕಬೇಕೆಂದಿದ್ದೇವೆ ಎಂಬುದನ್ನು ಬರೆದು, ಜಗತ್ತಿನಲ್ಲಿ ಯಾರು ಬೇಕಾದರೂ ಓದಿ ಕೇಳುವಂತೆ ಬಯಲಿನಲ್ಲಿ ಇಡುತ್ತಾರೆ ಎಂದರೆ ನಮ್ಮ ಓದುಗರು ಕೊಂಚ ನಿಂತು ಕೇಳಬೇಕಾದ ಸಂಗತಿಯೇ ಸರಿ.

ಅವರ ಕೆಲಸದ ಹೆಸರು ಕರ್ಲ್. ಅದರ ತಿರುಳಾದ ಲೈಬ್ರರಿಗೆ ಲಿಬ್‌ಕರ್ಲ್ ಎನ್ನುತ್ತಾರೆ. ಇಲ್ಲಿ ಲೈಬ್ರರಿ ಎಂದರೆ ಪುಸ್ತಕ ಭಂಡಾರವಲ್ಲ. ನಮ್ಮ ಮಿಲ್ಲಿನಲ್ಲಿ ಮಗ್ಗಕ್ಕೆ ಬೇಕಾದ ಬೇರಿಂಗನ್ನು ಮಿಲ್ಲಿನವರೇ ಎರಕ ಹೊಯ್ದು ಮಾಡುವುದಿಲ್ಲ. ಸಿದ್ಧವಾದದ್ದನ್ನು ತಂದು ಕೂರಿಸುತ್ತಾರೆ. ಸಾಫ್ಟ್‌ವೇರ್ ಮಾಡುವವರೂ ಹಾಗೆಯೇ. ಒಂದು ಯಂತ್ರದಿಂದ ಇನ್ನೊಂದು ಯಂತ್ರಕ್ಕೆ ಫೈಲು ಸಾಗಿಸುವ ಕೆಲಸ ಪ್ರತಿಯೊಂದು ಪ್ರೋಗ್ರಾಮಿಗೂ ಬೇಕು. ಅದನ್ನು ಪ್ರತಿಯೊಬ್ಬರೂ ಮೊದಲಿನಿಂದ ಬರೆಯುತ್ತ ಕೂರದೆ, ಬರೆದು ತೇದು ನಯಮಾಡಿದ ಒಂದು ಬಿಡಿಭಾಗವನ್ನು ತಂದು ಜೋಡಿಸಿಕೊಳ್ಳುತ್ತಾರೆ. ಲಿಬ್‌ಕರ್ಲ್ ಅಂಥ ಬಿಡಿಭಾಗ. ಅದರ ಮೂಲಬರಹ ಬಚ್ಚಿಟ್ಟದ್ದಲ್ಲ. ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಕಾಸು ಕೊಡದೆ ಒಯ್ಯಬಹುದು.

ಹುಟ್ಟಿನ ಕಥೆ ಚಿಕ್ಕದು. 1996ರಲ್ಲಿ ಬ್ರೆಜಿಲಿನ ರಫಾಯೆಲ್ ಸಗೂಲಾ ಎಂಬಾತ ಒಂದು ಪುಟ್ಟ ಪ್ರೋಗ್ರಾಂ ಬರೆದಿದ್ದ. ಸ್ವೀಡನ್ನಿನ ಡ್ಯಾನಿಯೆಲ್ ಸ್ಟೆನ್‌ಬರ್ಗ್ ಎಂಬಾತನಿಗೆ ಪರದೇಶದ ನಾಣ್ಯಗಳ ವಿನಿಮಯ ದರವನ್ನು ದಿನವೂ ತಂದುಕೊಡುವ ಸಾಧನ ಬೇಕಾಗಿತ್ತು. ಆತ ಅದನ್ನೇ ಎತ್ತಿಕೊಂಡು ತಿದ್ದುತ್ತ ಹೋದ. 1998ರ ಮಾರ್ಚ್‌ನಲ್ಲಿ ಅದಕ್ಕೆ ಕರ್ಲ್ ಎಂಬ ಹೆಸರಾಯಿತು, 2000ದಲ್ಲಿ ಲೈಬ್ರರಿಯಾಯಿತು. ಇಪ್ಪತ್ತು ವರ್ಷಗಳಷ್ಟು ಕಾಲ ಆತನಿಗೆ ಇದು ಹೊಟ್ಟೆಪಾಡಿನ ಕೆಲಸದಾಚೆಗಿನ ದುಡಿಮೆ. ಪೂರ್ಣಕಾಲ ಇದರಲ್ಲೇ ಕೂತು ಸಂಬಳ ಪಡೆಯುವಂತಾದದ್ದು 2019ರಲ್ಲಿ. ಕೈಗೂಡಿಸಿದವರ ಪಟ್ಟಿಯಲ್ಲಿ ಇಂದು ಮೂರು ಸಾವಿರಕ್ಕೂ ಮಿಕ್ಕಿ ಹೆಸರುಗಳಿವೆ.

ಇದು ಎಲ್ಲಿದೆ ಎಂದು ಕೇಳುವುದಕ್ಕಿಂತ ಎಲ್ಲಿಲ್ಲ ಎಂದು ಕೇಳುವುದು ಸುಲಭ. 2018ರಿಂದ ವಿಂಡೋಸ್ ಕಂಪ್ಯೂಟರಿನೊಳಗೆ ಕರ್ಲ್ ತಾನಾಗಿಯೇ ಬರುತ್ತದೆ. ಫೋನು, ಟಿವಿ, ಮೋಟಾರು ಕಾರು, ಪ್ರಿಂಟರು, ಎಲ್ಲದರೊಳಗೂ ಇದೆ. ಇಪ್ಪತ್ತು ಸಾವಿರ ಮಿಲಿಯಕ್ಕೂ ಹೆಚ್ಚು ಕಡೆ, ಅಂದರೆ ಎರಡು ಸಾವಿರ ಕೋಟಿ ಕಡೆ, ಇದು ಕೂತಿದೆ ಎಂದು ಸ್ಟೆನ್‌ಬರ್ಗರ ಅಂದಾಜು. ಭೂಮಿಯ ಮೇಲಿನ ತಲೆಗಳಿಗಿಂತ ಹೆಚ್ಚು! ನಮ್ಮ ಓದುಗರ ಅಂಗಿಯ ಜೇಬಿನಲ್ಲಿರುವ ಫೋನಿನಲ್ಲಿ ಒಂದಲ್ಲ, ಹಲವು ಆಪುಗಳೊಳಗೆ ಅದರ ಪ್ರತಿಗಳಿದ್ದರೆ ಆಶ್ಚರ್ಯವಿಲ್ಲ.

ಇನ್ನು ಯೋಜನೆಯ ವಿಷಯ. ಮಂತ್ರಿಗಳ ಯೋಜನೆ ಎಂದರೆ ಹೊಸ ಅಡಿಗಲ್ಲು. ಇವರ ಯೋಜನೆಯನ್ನು ಓದಿದರೆ ಅರ್ಧಭಾಗ ಕೆಡವುವುದರ ಪಟ್ಟಿಯೇ ಇದೆ. ನಮಗೆ ಮೆಚ್ಚಿಗೆಯಾದದ್ದು ಇದೇ. ಫೈಲು ಸಾಗುವಾಗ ನಡುದಾರಿಯಲ್ಲಿ ಯಾರೂ ಬಿಚ್ಚಿ ನೋಡದಂತೆ ಅದಕ್ಕೆ ಗುಪ್ತಲಿಪಿಯ ಬೀಗ ಹಾಕಬೇಕು. ಲಿಬ್‌ಕರ್ಲ್ ಆ ಬೀಗವನ್ನು ತಾನೇ ಮಾಡುವುದಿಲ್ಲ. ಬೇರೆಬೇರೆಯವರು ಮಾಡಿದ ಬೀಗಗಳಲ್ಲಿ ಬೇಕಾದುದನ್ನು ಕೂರಿಸಿಕೊಳ್ಳುವ ಅವಕಾಶವಿಟ್ಟಿದೆ. 2018ರಲ್ಲಿ ಟಿಎಲ್‌ಎಸ್ 1.3 ಎಂಬ ಹೊಸ ಮಾದರಿಯ ಬೀಗ ನಿಶ್ಚಯವಾಯಿತು. ಕೆಲವರ ಬೀಗಗಳು ಆ ಮಾದರಿಗೆ ಏರಲೇ ಇಲ್ಲ. ಅಂಥವನ್ನು, ಆಪಲ್ ಕಂಪನಿಯ ಸೆಕ್ಯೂರ್ ಟ್ರಾನ್ಸ್‌ಪೋರ್ಟ್ ಎಂಬುದನ್ನೂ ಸೇರಿಸಿ, 2025ರಲ್ಲಿ ತೆಗೆದುಹಾಕಿದರು. ದೊಡ್ಡವರದ್ದೆಂದು ಮುಲಾಜು ಮಾಡಲಿಲ್ಲ. ಆದರೆ ತೆಗೆಯುವ ಮೊದಲು ಏನು ಹೋಗುತ್ತದೆ, ಯಾವಾಗ ಹೋಗುತ್ತದೆ, ಏಕೆ ಹೋಗುತ್ತದೆ ಎಂದು ತಿಂಗಳುಗಟ್ಟಲೆ ಮುಂಚೆಯೇ ಬರೆದು ಹಾಕಿದ್ದರು. ಅದನ್ನೇ ನಂಬಿಕೊಂಡವನು ಇದ್ದರೆ ಬಂದು ಹೇಳಲಿ ಎಂದು ಬಾಗಿಲು ತೆರೆದಿಟ್ಟಿದ್ದರು. 2016ರ ನವೆಂಬರ್ 8ರ ರಾತ್ರಿ ಎಂಟು ಗಂಟೆಗೆ ಹೇಳಿ ಹನ್ನೆರಡು ಗಂಟೆಗೆ ನೋಟು ರದ್ದು ಮಾಡಿದ ದೇಶದ ವರ್ತಕರಿಗೆ ಈ ಮುನ್ಸೂಚನೆಯ ಬೆಲೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲ ಸುಧಾರಣೆಗಳ ಮೇಲೂ ಅವರು ತಮಗೆ ತಾವೇ ಹಾಕಿಕೊಂಡ ಒಂದು ಕಟ್ಟಿದೆ. ಹೊರಗಿನ ಪ್ರೋಗ್ರಾಮುಗಳು ಲಿಬ್‌ಕರ್ಲನ್ನು ಹಿಡಿದುಕೊಳ್ಳುವ ಹಿಡಿಕೆಯ ಆಕಾರವನ್ನು 2006ರಿಂದ ಈಚೆಗೆ ಕೆಡಿಸಿಲ್ಲ. ಒಳಗಿನ ಹಲ್ಲುಚಕ್ರಗಳನ್ನೆಲ್ಲ ಬದಲಾಯಿಸಿದ್ದಾರೆ; ಹಿಡಿಕೆ ಅದೇ. 2006ರ ಕೊನೆಗೆ ಜೋಡಿಸಿದ ಪ್ರೋಗ್ರಾಮು ಇಂದಿನ ಲಿಬ್‌ಕರ್ಲಿನೊಡನೆಯೂ ಓಡಬೇಕು ಎಂಬುದು ಅವರ ಕರಾರು. ಇದರ ಮಹತ್ವ ತಿಳಿಯಬೇಕಾದರೆ 1957ರ ಏಪ್ರಿಲ್ 1ನ್ನು ನೆನೆಯಬೇಕು. ಹದಿನಾರಾಣೆಯ ರೂಪಾಯಿ ಅಂದು ನೂರು ನಯಾಪೈಸೆಯ ರೂಪಾಯಿಯಾಯಿತು. ಕ್ರಮ ಒಳ್ಳೆಯದೇ, ಲೆಕ್ಕ ಸುಲಭವಾಯಿತು. ಆದರೆ ಒಂದಾಣೆಗೆ ಆರೂಕಾಲು ಪೈಸೆ, ಕಾಲು ಪೈಸೆಯ ನಾಣ್ಯ ಇಲ್ಲ. ಆ ಕಾಲು ಪೈಸೆ ಯಾರ ಕೈಯಿಂದ ಜಾರಬೇಕು? ಕೊಳ್ಳುವವನದೋ ಮಾರುವವನದೋ? ಸುಧಾರಣೆಯ ಲಾಭ ದೂರದಲ್ಲಿ ಕೂತವರಿಗೆ, ಅದರ ಚಿಲ್ಲರೆ ನಷ್ಟ ಅಂಗಡಿಯ ಕಟ್ಟೆಯ ಮೇಲೆ. ಹಿಡಿಕೆ ಬದಲಾಯಿಸಿದರೆ ಹೀಗೆಯೇ ಲಕ್ಷಾಂತರ ಸಣ್ಣ ಕೈಗಳು ತಂತಮ್ಮ ಖರ್ಚಿನಲ್ಲಿ ಮರುಜೋಡಣೆ ಮಾಡಬೇಕಾಗುತ್ತದೆ. ಕರ್ಲಿನವರು ಆ ಕಷ್ಟವನ್ನು ಹೊರಗೆ ತಳ್ಳದೆ ತಮ್ಮ ಮೈಮೇಲೇ ಹಾಕಿಕೊಂಡಿದ್ದಾರೆ.

ಹೊಸ ಯಂತ್ರದ ಪ್ರಶ್ನೆಯೂ ಬಂದಿತ್ತು. ಲಿಬ್‌ಕರ್ಲ್ ಸಿ ಎಂಬ ಹಳೆಯ ಭಾಷೆಯಲ್ಲಿ ಬರೆದದ್ದು. ಸಿ ಬಲು ಚುರುಕು. ಆದರೆ ಕೈ ತಪ್ಪಿದರೆ ಬೆರಳು ಕತ್ತರಿಸುವ ಕಾವಲಿಲ್ಲದ ಯಂತ್ರದಂತೆ. 2023ರ ಅಕ್ಟೋಬರ್ 11ರಂದು ಒಂದು ದೊಡ್ಡ ಲೋಪವನ್ನು ಸರಿಪಡಿಸಿದರು. ನಡುವಿನ ದಲ್ಲಾಳಿ ಯಂತ್ರದ ಮೂಲಕ ಹೋಗುವಾಗ ವಿಳಾಸವು 255 ಅಕ್ಷರಕ್ಕಿಂತ ಉದ್ದವಾಗಿದ್ದರೆ, ಕೆಲವು ಸಂದರ್ಭಗಳಲ್ಲಿ ಅದು ತನಗೆ ಮೀಸಲಾದ ಜಾಗ ಮೀರಿ ಪಕ್ಕದ ಜಾಗದ ಮೇಲೆ ಚೆಲ್ಲುತ್ತಿತ್ತು. ತಿಳಿದ ಕಳ್ಳ ಅದನ್ನೇ ಕನ್ನವಾಗಿ ಬಳಸಬಹುದಿತ್ತು. 2020ರಲ್ಲಿ ನುಸುಳಿದ್ದು ಮೂರೂವರೆ ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಸ್ಟೆನ್‌ಬರ್ಗರು ತಾವೇ ಬರೆದ ಸಾಲುಗಳಿಂದ ಇದಾಯಿತೆಂದು ಬಹಿರಂಗವಾಗಿ ಹೇಳಿ, ಕಾವಲಿರುವ ಭಾಷೆಯಲ್ಲಿ ಬರೆದಿದ್ದರೆ ಹೀಗಾಗುತ್ತಿರಲಿಲ್ಲವೆಂದೂ ಒಪ್ಪಿದರು. ಹಾಗಾದರೆ ಕಾವಲಿರುವ ಭಾಷೆಯಲ್ಲೇ ಬರೆಯಬಾರದೇ? ಪ್ರಯತ್ನ ನಡೆದಿತ್ತು. ರಸ್ಟ್ ಎಂಬ ಅಂಥ ಭಾಷೆಯಲ್ಲಿ ಬರೆದ ಹೈಪರ್ ಎಂಬ ಭಾಗವನ್ನು ಲಿಬ್‌ಕರ್ಲಿನೊಳಗೆ ಕೂರಿಸುವ ಕೆಲಸ 2020ರಿಂದ ಸಾಗಿತ್ತು. ನೂರಕ್ಕೆ ತೊಂಬತ್ತೈದು ಭಾಗ ಮುಗಿಯಿತು. ಉಳಿದ ಐದು ಭಾಗ ಮುಗಿಸಲು ಎರಡೂ ಭಾಷೆ ಬಲ್ಲ ಕೈಗಳು ಸಿಕ್ಕಲಿಲ್ಲ. ಬೇಕೆಂದು ಕೇಳಿದ ಬಳಕೆದಾರರೂ ಇರಲಿಲ್ಲ. 2024ರ ಕೊನೆಗೆ ಆ ಪ್ರಯತ್ನ ಕೈಬಿಟ್ಟರು.

ಹೊಸ ಯಂತ್ರ ತಂದು ಇಳಿಸಿ, ಅದನ್ನು ನಡೆಸುವ ಫಿಟ್ಟರನ್ನು ತಯಾರು ಮಾಡದ ಮಾಲೀಕರನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ತೊಂಬತ್ತೈದು ಭಾಗಕ್ಕೆ ಉತ್ಸಾಹ ಸಾಕು, ಕೊನೆಯ ಐದಕ್ಕೆ ಸಂಬಳ ಬೇಕು. ಹಾಗೆಂದು ಹಳೆಯ ಯಂತ್ರವನ್ನೇ ಪೂಜಿಸುತ್ತ ಕೂತಿದ್ದಾರೆಂದಲ್ಲ. ಬೆರಳು ಕತ್ತರಿಸುವ ಹಳೆಯ ಉಪಕರಣಗಳನ್ನು ಒಂದೊಂದಾಗಿ ನಿಷೇಧಿಸಿ, ಉದ್ದುದ್ದ ಗೋಜಲುಗಳನ್ನು ಚಿಕ್ಕಚಿಕ್ಕದಾಗಿ ಒಡೆದು, ಸಾವಿರಾರು ಪರೀಕ್ಷೆಗಳಿಗೆ ಒಡ್ಡಿ ಸಿ ಭಾಷೆಯಲ್ಲೇ ಸುರಕ್ಷೆ ಹೆಚ್ಚಿಸುತ್ತಿದ್ದಾರೆ. ಪತ್ರಿಕೆಗಳಲ್ಲಿ ದಪ್ಪಕ್ಷರದ ತಲೆಬರಹವಾಗುವ ಕೆಲಸ ಇದಲ್ಲ.

ಹೊಸತಾಗಿ ಸೇರುತ್ತಿರುವುದರಲ್ಲಿ ಒಂದನ್ನು ಮಾತ್ರ ಹೇಳಿ ಮುಂದೆ ಹೋಗೋಣ. ಇಂದು ಪತ್ರದ ಒಳಗಿನದು ಗುಟ್ಟಾಗಿದ್ದರೂ ಲಕೋಟೆಯ ಮೇಲಿನ ಹೆಸರು, ಅಂದರೆ ನಾವು ಯಾವ ತಾಣದೊಡನೆ ಮಾತಾಡುತ್ತಿದ್ದೇವೆ ಎಂಬುದು, ದಾರಿಯಲ್ಲಿ ಕೂತವನಿಗೆ ಕಾಣುತ್ತದೆ. ಆ ಹೆಸರನ್ನೂ ಮುಚ್ಚುವ ಕ್ರಮವನ್ನು 2024ರಲ್ಲಿ ಪ್ರಯೋಗಕ್ಕೆಂದು ಸೇರಿಸಿದರು. ಸಂಘ ಕಟ್ಟುವವರಿಗೆ, ಗೂಢಚಾರರ ಕಾಟ ಬಲ್ಲವರಿಗೆ, ಇದೇನೆಂದು ಕೂಡಲೇ ಅರ್ಥವಾಗುತ್ತದೆ.

ಈಗ ಖರ್ಚಿನ ಮಾತು. ಯೋಜನೆ ಬರೆಯುವುದು ಸುಲಭ, ಕೈಗಳೆಲ್ಲಿ? ಹಗಲಿಡೀ ಇದೇ ಕೆಲಸ ಮಾಡುವವರನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದು. ಇದನ್ನು ತಮ್ಮ ಸರಕಿನೊಳಗೆ ಕೂರಿಸಿ ಕೋಟಿಗಟ್ಟಲೆ ಗಳಿಸುವ ಕಂಪನಿಗಳಲ್ಲಿ ಬಹುಪಾಲು ಒಂದು ಕಾಸನ್ನೂ ಕೊಟ್ಟವಲ್ಲ. ಕೊಡುವುದಿರಲಿ, ದಬಾಯಿಸಿದ್ದೂ ಉಂಟು. 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಎಂಬ ಬೇರೊಂದು ಲೈಬ್ರರಿಯಲ್ಲಿ ಭಾರಿ ಲೋಪ ಕಂಡು ಜಗತ್ತೆಲ್ಲ ಗಾಬರಿಯಾಯಿತು. ಕರ್ಲಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ 2022ರ ಜನವರಿಯಲ್ಲಿ ಒಂದು ಬಹು ದೊಡ್ಡ ಕಂಪನಿ ಸ್ಟೆನ್‌ಬರ್ಗರಿಗೆ ಪ್ರಶ್ನಾವಳಿ ಕಳಿಸಿ, 24 ಗಂಟೆಯೊಳಗೆ ಉತ್ತರ ಕೊಡತಕ್ಕದ್ದು ಎಂದು ಬರೆಯಿತು. ತಾವು ಕೂಲಿ ಕೊಡದವನಿಗೆ ಮೆಮೊ! ದುರಸ್ತಿ ಒಪ್ಪಂದಕ್ಕೆ ಸಹಿ ಹಾಕಿದ ಕೂಡಲೇ ಸಂತೋಷದಿಂದ ಉತ್ತರಿಸುತ್ತೇನೆಂದು ಆತ ತಿರುಗಿ ಬರೆದರು. ನಮ್ಮ ಯಾವ ಸಂಘದ ಕಾರ್ಯದರ್ಶಿಯೂ ಇದಕ್ಕಿಂತ ಚೊಕ್ಕವಾಗಿ ಬರೆಯಲಾರ.

ಇತ್ತೀಚೆಗೆ ಇನ್ನೊಂದು ಪೀಡೆ ಬಂದಿದೆ. ಲೋಪ ಹುಡುಕಿ ಹೇಳಿದವರಿಗೆ ಬಹುಮಾನ ಕೊಡುವ ಪದ್ಧತಿಯನ್ನು 2019ರಲ್ಲಿ ಆರಂಭಿಸಿದ್ದರು. ಅದರಿಂದ ಬಹಳ ಉಪಕಾರವಾಗಿತ್ತು. ಆಮೇಲೆ ಕೃತಕ ಬುದ್ಧಿಯ ಯಂತ್ರಗಳಿಂದ ಪುಟಗಟ್ಟಲೆ ಸುಳ್ಳು ದೂರು ಬರೆಸಿ ಬಹುಮಾನದ ಆಸೆಗೆ ಕಳಿಸುವವರು ಹುಟ್ಟಿಕೊಂಡರು. ಬರೆಯಲು ಒಂದು ನಿಮಿಷ, ಸುಳ್ಳೆಂದು ತೋರಿಸಲು ಬಲ್ಲವರ ಅರ್ಧ ದಿನ. ಕೊನೆಗೆ 2026ರ ಜನವರಿ ಮುಗಿಯುವಾಗ ಬಹುಮಾನವನ್ನೇ ನಿಲ್ಲಿಸಿದರು. ಯೋಜನೆಯಲ್ಲಿ ಬರೆದ ಕೆಲಸಕ್ಕೆ ಸಲ್ಲಬೇಕಾದ ದಿನಗಳು ಹೀಗೆ ಕಸ ಗುಡಿಸುವುದರಲ್ಲಿ ಕಳೆದುಹೋಗುತ್ತವೆ.

ಕೊಡದವರನ್ನು ಬೈದು ಪ್ರಯೋಜನವೇನು, ಕಾಗದದಲ್ಲೇ ಹಾಗಿದೆಯಲ್ಲ ಎಂದು ಕೆಲವರು ಕೇಳಬಹುದು. ನಿಜ. 2001ರಿಂದ ಕರ್ಲಿನ ಪರವಾನಗಿ ಬಲು ಉದಾರ: ಒಯ್ಯಿರಿ, ಮಾರಿರಿ, ಹೆಸರೊಂದು ಉಳಿಸಿರಿ, ಅಷ್ಟೇ. ಒಯ್ದವನು ತಾನು ಮಾಡಿದ ತಿದ್ದುಪಡಿಯನ್ನು ಮರಳಿ ಕೊಡಬೇಕೆಂಬ ಕಟ್ಟುನಿಟ್ಟಿನ ಪರವಾನಗಿಗಳೂ ಈ ಲೋಕದಲ್ಲಿವೆ. ಸ್ಟೆನ್‌ಬರ್ಗರು ತಿಳಿದೇ ಅದನ್ನು ಬಿಟ್ಟರು. ಆ ಉದಾರತೆಯಿಂದಲೇ ಕರ್ಲ್ ಇಷ್ಟು ಹರಡಿತೆಂಬುದನ್ನು ಅಲ್ಲಗಳೆಯಲಾರೆವು. ಆದರೆ ಊರ ಬಾವಿಯಿಂದ ಎಲ್ಲರೂ ನೀರು ಸೇದಬಹುದು ಎಂಬುದಕ್ಕೂ, ಒಬ್ಬನು ಪಂಪು ಹಾಕಿ ಎತ್ತಿ ಮಾರಿಕೊಳ್ಳುತ್ತ ಹೂಳೆತ್ತುವ ದಿನ ಮುಖ ತಿರುಗಿಸುವುದಕ್ಕೂ ವ್ಯತ್ಯಾಸವಿಲ್ಲವೇ? ಹೂಳೆತ್ತುವ ಖರ್ಚನ್ನು ದಾನಕ್ಕೆ ಬಿಡಬಾರದು, ಅದು ಸಾರ್ವಜನಿಕ ಹೊಣೆ ಎಂಬುದು ನಮ್ಮ ಅಭಿಪ್ರಾಯ.

ಜರ್ಮನಿಯ ಸರ್ಕಾರ ಇದನ್ನು ಅರಿತು 2022ರಲ್ಲಿ ಸಾವರಿನ್ ಟೆಕ್ ಫಂಡ್ ಎಂಬ ನಿಧಿ ಸ್ಥಾಪಿಸಿ ಸಾರ್ವಜನಿಕ ಹಣವನ್ನು ಇಂಥ ಬುಡದ ಸಾಧನಗಳ ದುರಸ್ತಿಗೆ ಕೊಡುತ್ತಿದೆ. ಮೊದಮೊದಲು ಪಡೆದವುಗಳಲ್ಲಿ ಕರ್ಲ್ ಒಂದು. ನಮ್ಮ ಕಡೆಯದೂ ಒಂದು ಮಾತಿದೆ. ಬಂಡವಾಳದವರನ್ನು ಹೊಗಳುವ ಚಟ ನಮಗಿಲ್ಲ, ಅದರಲ್ಲೂ ಷೇರುಪೇಟೆಯ ದಲ್ಲಾಳಿಗಳನ್ನು. ಆದರೂ ಇದ್ದದ್ದನ್ನು ಇದ್ದಂತೆ ಹೇಳಬೇಕು. ಬೆಂಗಳೂರಿನ ಜೆರೋಧಾ ಕಂಪನಿ 2024ರ ಅಕ್ಟೋಬರಿನಲ್ಲಿ, ಜಗತ್ತಿನ ಮುಕ್ತ ಸಾಫ್ಟ್‌ವೇರುಗಳಿಗೆಂದು ವರ್ಷಕ್ಕೆ ಹತ್ತು ಲಕ್ಷ ಡಾಲರಿನ ನಿಧಿ ಘೋಷಿಸಿತು. ಒಂದು ದಲ್ಲಾಳಿ ಅಂಗಡಿಗೆ ತೋಚಿದ್ದು, ಸಾಫ್ಟ್‌ವೇರ್ ರಫ್ತಿನ ಹೆಮ್ಮೆಯನ್ನು ಊರೂರಲ್ಲಿ ಸಾರುವ ನಮ್ಮ ಸರ್ಕಾರಕ್ಕೆ ತೋಚಬಾರದೇ? ಬೆಂಗಳೂರಿನ ಕಚೇರಿಗಳಲ್ಲಿ ಕೂತು ಇಂಥ ಬಿಡಿಭಾಗಗಳನ್ನು ದಿನವೂ ಜೋಡಿಸುವ ಸಾವಿರಾರು ಜನ ನಮ್ಮ ಮಕ್ಕಳೇ. ಮಿಲ್ಲಿನವರ ಮನೆಯಿಂದ, ಕಿರಾಣಿ ಅಂಗಡಿಯ ಹಿಂದಿನ ಕೋಣೆಯಿಂದ ಓದಿ ಹೋದವರು.

ರಾಜ್ಯದ ಮುಂದಿನ ಆಯವ್ಯಯದಲ್ಲಿ ಇದಕ್ಕೆಂದು ಒಂದು ಬಾಬ್ತು ತೆರೆಯಬೇಕೆಂದು ನಾವು ಕೇಳುತ್ತೇವೆ. ಅದರಲ್ಲಿ ಅರ್ಧವನ್ನು ಹಣವಾಗಿ ಕೊಡಲಿ. ಉಳಿದರ್ಧದಲ್ಲಿ ಜಿಲ್ಲೆಯ ಪಾಲಿಟೆಕ್ನಿಕ್ಕುಗಳ ಹುಡುಗ ಹುಡುಗಿಯರಿಗೆ ವಿದ್ಯಾರ್ಥಿವೇತನವಿಟ್ಟು ಇಂಥ ದುರಸ್ತಿಗೆ ಕೂರಿಸಲಿ. ಕಲಿಸುವ ಪಾಠ ಹುಡುಕಬೇಕಾಗಿಲ್ಲ. ಕರ್ಲಿನವರು, ಮಾಡಿದರೆ ಒಳ್ಳೆಯದು ಎನ್ನುವ ಕೆಲಸಗಳ ಉದ್ದ ಪಟ್ಟಿಯೊಂದನ್ನು ಮೂಲಬರಹದ ಜೊತೆಯಲ್ಲೇ ಇಟ್ಟಿದ್ದಾರೆ. ಸಾಮಾನ್ಯವಾಗಿ ಎಂಟು ವಾರಕ್ಕೊಮ್ಮೆ ಹೊಸ ಆವೃತ್ತಿ ಹೊರಬರುತ್ತದೆ. ತಿದ್ದುಪಡಿ ಸರಿಯಾಗಿದ್ದರೆ ಅದು ಸ್ಟಾಕ್‌ಹೋಮಿನಿಂದ ಬಂತೋ ನಮ್ಮ ಜಿಲ್ಲೆಯಿಂದ ಬಂತೋ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.